ಟ್ಯಾಗ್

"ಮನಿ ನೆಟ್ಟೂ ಅಭ್ಯಾಸಿಕಾದಾಗ ಓದಾಕ ಬರೂ ಹುಡುಗರ ನೆಟ್ಟೂ ಒಂದೇ ಸ್ವಿಚ್ಚಿನ್ಯಾಗ ಕೂಡಂಗಿಲ್ಲೇನ ತಂಗಿ?" ಎಂದ ಅಕ್ಕಲಕೋಟದ ಸಿದ್ಧರಾಮ.

"ಎರಡರ ಡೇಟಾಕ್ಕೂ ಬ್ಯಾರೆ ಬ್ಯಾರೆ ಟ್ಯಾಗ್ ಹಚ್ಚೀನ್ರಿ ಕಾಕಾ. ಸ್ವಿಚ್ಚು ಅದನ್ನ ಓದಿ, ಯಾವುದನ್ನ ಎಲ್ಲಿ ಬಿಡಬೇಕೋ ಅಲ್ಲೇ ಬಿಡತದ," ಎಂದಳು ನೆಟ್ ಜೋಡಿಸಲು ಕುಂಭಾರಿಯಿಂದ ಬಂದಿದ್ದ ಯೋಗಿತಾ, ಸ್ವಿಚ್ಚಿನ ಡಬ್ಬಿಗೆ ವೈರು ಚುಚ್ಚುತ್ತ.

ಸಿದ್ಧರಾಮನ ಹೆಂಡತಿ ಗುರುಬಾಯಿ ಪಿಂಗಾಣಿ ಕಪ್ಪಿನಲ್ಲಿ ಚಹಾ ತಂದಳು. "ಆಡನಾವ, ಅಡ್ಡಹೆಸರ ಏನವಾ ನಿಂದು?"

"ಕಾಂಬಳೆ ರೀ."

ಯೋಗಿತಾಳ ಬೆರಳಿಗೆ ಇನ್ನೇನು ತಾಗಲಿದ್ದ ಕಪ್ಪು ಹಿಂದೆ ಸರಿಯಿತು. "ಸಕ್ರಿ ಹಾಕೂದ ಮರತೆ," ಎನ್ನುತ್ತ ಗುರುಬಾಯಿ ಒಳಗೆ ಹೋದಳು. ಮರಳಿ ಬಂದಾಗ ಚಹಾ ಕಾಗದದ ಕಪ್ಪಿನಲ್ಲಿತ್ತು.

ಸಿದ್ಧರಾಮ ಇನ್ನೂ ಸ್ವಿಚ್ಚನ್ನೇ ನೋಡುತ್ತಿದ್ದ. "ಬರೇ ಟ್ಯಾಗ್ ಓದತದ? ಒಳಗ ಏನದ ಅಂತ ನೋಡಂಗಿಲ್ಲ?"

"ಇಲ್ರಿ ಕಾಕಾ." ಯೋಗಿತಾ ಚಹಾ ಮುಟ್ಟದೆ ಕೊನೆಯ ವೈರು ಚುಚ್ಚಿದಳು. "ಮಷೀನಿಗಿ ಅಷ್ಟ ತಿಳೀತದ."