ಭಾಷಣದ ಬದಲು ಒಂದು ಪುಟ

“ಗಂಟಲು ಕಟ್ಟಿದೆ ಅಂತ ಹೇಳಿಬಿಡಿ,” ಎಂದಳು ಟೀಚರ್. “ಯಾರೂ ಅನುಮಾನ ಪಡೋದಿಲ್ಲ. ಇಡೀ ದಿನ ಮರದ ಪುಡಿಯಲ್ಲಿ ಓಡಾಡೋರು ನೀವು.”

ಗರಗಸದ ಸದ್ದು ನಿಲ್ಲುವವರೆಗೆ ಮರದ ಸಾಹುಕಾರರು ಕಾದರು. ಆಮೇಲೆ ತೋಳಿನ ಮೇಲಿನ ಹೊಟ್ಟು ಕೊಡವಿಕೊಂಡರು.

“ಸುಳ್ಳು ಹೇಳೋದು ನನಗೆ ಒಗ್ಗಲ್ಲ ಟೀಚರ್.”

“ಹಾಗಾದ್ರೆ ಎಲ್ಲರೆದುರು ಓದ್ತೀರಾ?”

“ಓದೋಣ. ಎಲ್ಲಿ ಸಿಕ್ಕಿಹಾಕ್ಕೊಳ್ತೀನೋ ಅಲ್ಲಿ ನಿಂತರಾಯ್ತು.”

ಟೀಚರ್ ಹಲಗೆಯೊಂದರ ಮೇಲೆ ಕುಸಿದು ಕುಳಿತಳು. ಹಗಲೆಲ್ಲ ಶಾಲೆಯಲ್ಲಿ ಮಕ್ಕಳ ಗದ್ದಲ, ಸಂಜೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ದೊಡ್ಡವರಿಗೆ ಅಕ್ಷರ. ವಾದ ಮಾಡುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ.

ಗ್ರಂಥಾಲಯ ಪ್ರತಿವರ್ಷ ದಾನಿಯೊಬ್ಬರನ್ನು ಸನ್ಮಾನಿಸುತ್ತಿತ್ತು. ಅಲ್ಲೊಂದು ಪದ್ಧತಿ: ಸನ್ಮಾನಿತರು ಭಾಷಣ ಮಾಡುವಂತಿಲ್ಲ, ಕಪಾಟಿನಿಂದ ಇಷ್ಟದ ಪುಸ್ತಕ ತೆಗೆದು ಒಂದು ಪುಟ ಗಟ್ಟಿಯಾಗಿ ಓದಬೇಕು. ಹಿಂದೆಂದೋ ಯಾವುದೋ ದಾನಿಯ ಭಾಷಣ ಕೇಳಿ ಬಳಲಿದವರು ಮಾಡಿದ ನಿಯಮವಿರಬೇಕು.

ಈ ವರ್ಷ ಸಾಹುಕಾರರ ಸರದಿ. ಗ್ರಂಥಾಲಯದ ಕಪಾಟು, ಬೆಂಚು, ಸೋರದ ಛಾವಣಿ ಎಲ್ಲ ಅವರು ಕೊಟ್ಟದ್ದೇ. ಪುಸ್ತಕಗಳನ್ನೂ ಅವರೇ ಆರಿಸಿ ತರುತ್ತಿದ್ದರು. ಹೇಗೆ ಆರಿಸ್ತೀರಿ ಎಂದು ಕೇಳಿದರೆ, “ಮರ ಆರಿಸಿದ ಹಾಗೆ. ತಟ್ಟಿ ನೋಡ್ತೀನಿ,” ಎನ್ನುತ್ತಿದ್ದರು. ಅದೃಷ್ಟವಂತರು. ಅವರು ತಂದದ್ದರಲ್ಲಿ ಓದಲಾಗದ ಪುಸ್ತಕ ಒಂದೂ ಇರಲಿಲ್ಲ.

ಸಂಜೆಯ ತರಗತಿಯೂ ಅವರ ಖರ್ಚಿನದೇ. ಆ ತರಗತಿಯ ಕೊನೆಯ ಬೆಂಚಿನಲ್ಲಿ, ಹೆಂಡತಿಯ ಪಕ್ಕದಲ್ಲಿ, ಅವರೇ ವಿದ್ಯಾರ್ಥಿಯಾಗಿ ಕೂರುತ್ತಿದ್ದರು.

ಕೂತು ಪ್ರಯೋಜನವೇನು? ವರ್ಷಗಳು ಕಳೆದರೂ ಓದು ಹತ್ತಿರಲಿಲ್ಲ. ಬರೆದರೆ ಅಕ್ಷರ ತಪ್ಪು; ತಪ್ಪೂ ಮುತ್ತಿನಂತೆ ದುಂಡಗೆ. ಕಷ್ಟದ ಪದವನ್ನು ಹೇಗೋ ದಾಟಿಬಿಡುತ್ತಿದ್ದರು, ನಿನ್ನೆ ತಾನೇ ಕಲಿಸಿದ್ದರಲ್ಲಿ ಎಡವುತ್ತಿದ್ದರು. ಆಗ ಹೆಂಡತಿ ಬಾಯಿ ಬಿಡುತ್ತಿದ್ದರು. ಆಕೆ ಬಾಯಿ ಬಿಡುತ್ತಿದ್ದುದೇ ಆಗ. ನೀವೇ ಓದಿ ಎಂದರೆ ತಲೆ ಬಗ್ಗಿಸಿ ಕೂರುವ ಹೆಂಗಸು.

“ಅಯ್ಯೋ, ಅದು ಬಾಗಿಲು ಕಣ್ರೀ, ಬಾಲ ಅಲ್ಲ! ಬಾಲ ತೆಗೆದು ಒಳಗೆ ಬರ್ತಾರಾ ಯಾರಾದರೂ?”

ತರಗತಿ ನಗುತ್ತಿತ್ತು. ಸಾಹುಕಾರರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಟೀಚರಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಗ್ರಂಥಾಲಯ ಸಮಿತಿಯ ಅಧ್ಯಕ್ಷರಾದ ಹಲ್ಲಿನ ಡಾಕ್ಟರಿಗೆ ಆ ಕೋಣೆಯ ಮೇಲೆ ಕಣ್ಣಿತ್ತು. “ದುಡ್ಡು ಹಾಕಿದವರಿಗೇ ಅಕ್ಷರ ಹತ್ತಲಿಲ್ಲ ಅಂದ್ಮೇಲೆ ಬೇರೆಯವರ ಪಾಡೇನಮ್ಮ? ಸನ್ಮಾನದ ದಿನ ನೋಡೋಣ. ಅಲ್ಲೂ ಹೀಗೇ ಆದ್ರೆ ಕೋಣೆ ಖಾಲಿ ಮಾಡಿಕೊಡಿ,” ಎಂದಿದ್ದರು. ಬಟ್ಟೆ ಒಗೆದು, ನೆಲ ಒರೆಸಿ, ಒದ್ದೆ ಕೈಯಲ್ಲೇ ಓಡಿಬರುವ ಹೆಂಗಸರಿಗೆ ಟೀಚರ್ ಇದನ್ನು ಹೇಳಿರಲಿಲ್ಲ. ಅವರಲ್ಲಿ ಹೆಚ್ಚಿನವರು ಇನ್ನೂ ಒತ್ತಕ್ಷರದ ಹೊಸ್ತಿಲಲ್ಲಿದ್ದರು.

ಆ ದಿನ ಬಂತು. ಡಾಕ್ಟರು ದಾನಿಯನ್ನು ಹೊಗಳಿ ಮುಗಿಸುವಷ್ಟರಲ್ಲಿ ಅರ್ಧ ಸಭೆ ಆಕಳಿಸಿತ್ತು. ಸಾಹುಕಾರರು ಎದ್ದರು. ನೇರ ಒಂದು ಕಪಾಟಿಗೆ ನಡೆದು ಒಂದು ಪುಸ್ತಕ ತೆಗೆದರು. ಹುಡುಕಲಿಲ್ಲ. ಹೇಗೂ ಎಲ್ಲವೂ ಒಂದೇ ಅವರಿಗೆ, ಎಂದುಕೊಂಡಳು ಟೀಚರ್.

ಮೊದಲ ಸಾಲು ಕುಂಟುತ್ತ ಸಾಗಿತು. ಎರಡನೆಯದರ ನಡುವೆ ನಿಂತಿತು. ಬೆರಳು ಸಾಲಿನ ಮೇಲೇ ಇತ್ತು, ದನಿ ಇರಲಿಲ್ಲ. ಯಾರೋ ಕೆಮ್ಮಿದರು. ಹಿಂದೆ ಯಾರೋ ಕಿಸಕ್ಕೆಂದರು. ಡಾಕ್ಟರು ಟೀಚರ್ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಕೋಣೆ ಆಗಲೇ ಖಾಲಿಯಾಗಿತ್ತು.

ಸಾಹುಕಾರರು ಮತ್ತೊಂದು ಪದ ಓದಿದರು. ತಪ್ಪು.

“ಅದಲ್ಲ,” ಎಂದಿತು ಮುಂದಿನ ಸಾಲಿನಿಂದ ಒಂದು ದನಿ.

ಅವರು ಇನ್ನೊಂದು ಪದ ಓದಿದರು. ಅದೂ ತಪ್ಪು.

“ಅಯ್ಯೋ, ಕೊಡಿ ಇಲ್ಲಿ!” ಹೆಂಡತಿ ಎದ್ದೇಬಿಟ್ಟರು. ವೇದಿಕೆಯ ಮೆಟ್ಟಿಲು ಹತ್ತಿ ಪುಸ್ತಕ ಕಿತ್ತುಕೊಂಡರು. ಮೊದಲ ಸಾಲು ಅವರ ಕಿವಿಗಷ್ಟೇ ಕೇಳಿಸಿರಬೇಕು. ಬರಬರುತ್ತ ದನಿ ಸಭೆಯ ಕೊನೆ ಮುಟ್ಟಿತು. ಪುಟ ಮುಗಿಯಿತು. ನಿಯಮ ಮರೆತು ಅವರು ಮುಂದಿನ ಪುಟಕ್ಕೆ ತಿರುವಿದರು. ಯಾರೂ ತಡೆಯಲಿಲ್ಲ. ಪಕ್ಕದಲ್ಲಿ ಸಾಹುಕಾರರು ಕೈಕಟ್ಟಿ, ನೆಲ ನೋಡುತ್ತ ನಿಂತಿದ್ದರು. ಟೀಚರಿಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು. “ಕೋಣೆ ತರಗತಿಗೇ ಇರಲಿ,” ಎಂದರು. “ಆದರೆ ಸಾಹುಕಾರರನ್ನ ಮಾತ್ರ ಮುಂದಿನ ಬೆಂಚಿಗೆ ಕೂರಿಸಿ!”

ಜನ ಹೊರಟರು. ಟೀಚರ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಗೆದ್ದಿದ್ದರೂ ಮೈ ಸೋತವಳಂತೆಯೇ ಭಾರವಾಗಿತ್ತು. ಸಾಹುಕಾರರ ಹೆಂಡತಿ ಒಂದು ಕುರ್ಚಿ ಉಳಿಸಿಕೊಂಡು ಕಾಲು ನೀವಿಕೊಳ್ಳುತ್ತ ಕುಳಿತರು. ಹೊರಗೆ ಅಂಗಳದಲ್ಲಿ ನಾಲ್ಕಾರು ಮಂದಿ ಸಾಹುಕಾರರನ್ನು ಗೇಲಿ ಮಾಡುತ್ತಿದ್ದರು. ಅವರ ನಗು ಒಳಗೂ ಕೇಳುತ್ತಿತ್ತು.

“ನನ್ನದೇ ತಪ್ಪಮ್ಮ,” ಎಂದಳು ಟೀಚರ್. “ಅವರಿಗೆ ಸರಿಯಾಗಿ ಕಲಿಸೋಕೆ ಆಗಲಿಲ್ಲ. ನಾಳೆಯಿಂದ ಅವರೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಡ್ತೀನಿ.”

“ಬೇಡಿ ಟೀಚರ್. ಮೊದಲೇ ಸುಸ್ತಾಗಿದ್ದೀರ.” ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದಿತ್ತು. ನಾನು ನಿದ್ದೆಯಲ್ಲಿದ್ದೀನಿ ಅಂದ್ಕೊಂಡು, ಪಕ್ಕದಲ್ಲೇ ಕೂತು ಇಷ್ಟು ದಪ್ಪದ ಪುಸ್ತಕ ಓದಿ ಮುಗಿಸಿದ್ರು.”

ಅವರು ಎದ್ದು, ತಾವು ಕೂತಿದ್ದ ಕುರ್ಚಿಯನ್ನೂ ಟೀಚರ್ ಕೈಗೆ ಕೊಟ್ಟರು.

“ನಾನು ಎಚ್ಚರವಾಗಿದ್ದೆ ಅಂತ ಅವರಿಗೆ ಮಾತ್ರ ಹೇಳಬೇಡಿ.”