ಊಟದ ಬೆಲ್ಲಿನ ವರದಿ

ಅಚ್ಚಿನ ಮಸಿಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಅಮ್ಮ ಬೇರೆಯಾದ ವರ್ಷ ನನ್ನನ್ನು ವೈಯಾಲಿಕಾವಲ್‌ನಿಂದ ಚಾಮರಾಜಪೇಟೆಗೆ, ತಾತನ ಮನೆಗೆ ಕಳಿಸಿದ್ದರು. ಹೊಸ ಶಾಲೆಯಲ್ಲಿ ಯಾರೂ ನನ್ನ ಜೊತೆ ಸೇರುತ್ತಿರಲಿಲ್ಲ. ಆಫ್‌ಸೆಟ್ ಮುದ್ರಣ ಬಂದು ಕೆಲಸ ಕಡಿಮೆಯಾಗಿದ್ದ ತಮ್ಮ ಪುಟ್ಟ ಪ್ರೆಸ್ಸಿನಲ್ಲಿ ಆ ಶನಿವಾರ ತಾತ ಸೀಸದ ಅಕ್ಷರಗಳನ್ನು ಜೋಡಿಸುತ್ತಾ, ಎರಡನೇ ಮಹಾಯುದ್ಧಕ್ಕೆ ಮುಂಚೆ ಪೋಲೆಂಡಿನಲ್ಲಿದ್ದ ಒಂದು ಯಹೂದಿ ಪತ್ರಿಕೆಯ ವಿಷಯ ಹೇಳಿದರು. ಅದರ ಪುರವಣಿಗೆ ಮಕ್ಕಳೇ ವರದಿಗಾರರಂತೆ.

"ಏನ್ ಬರೀತಿದ್ರು ತಾತ?"

"ಅಣ್ಣ ಹೊಡ್ದ, ಹಲ್ಲು ಬಿತ್ತು, ಏನಾದ್ರೂ ಸರಿ. ನೀನೂ ಒಂದ್ ಸುದ್ದಿ ಹೇಳು, ಅಚ್ಚು ಹಾಕ್ತೀನಿ."

ನಾನು ತಡವರಿಸಿ ಹೇಳಿದೆ: "ಊಟಕ್ಕೆ ನನ್ ಪಕ್ಕ ಯಾರೂ ಕೂತ್ಕೊಳಲ್ಲ."

ತಾತನ ಬೆರಳುಗಳು ನಿಂತವು. ಆಮೇಲೆ ಒಂದೊಂದೇ ಅಕ್ಷರ ಹೆಕ್ಕಿ, ಆ ಸಾಲನ್ನು ಒರಟು ಕಾಗದದ ಮೇಲೆ ಅಚ್ಚು ಹಾಕಿಕೊಟ್ಟರು. ಹಸಿ ಮಸಿಯನ್ನು ಊದುತ್ತಾ ಕೇಳಿದೆ, "ಆ ಮಕ್ಕಳು ಈಗ ಎಲ್ಲಿದಾರೆ?"

"ಯುದ್ಧ ಬಂತಮ್ಮ. ಆಮೇಲೆ ಅವ್ರ ಸುದ್ದೀನೇ ಬರ್ಲಿಲ್ಲ," ಎಂದು ತಾತ ಕೈ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದರು.

ಸೋಮವಾರ ಊಟದ ಬೆಲ್ ಹೊಡೆದಾಗ, ಪ್ರೆಸ್ಸಿಗೆ ಬೀಗ ಹಾಕಿಬಂದ ತಾತ ತಮ್ಮ ಡಬ್ಬಿ ಹಿಡಿದು ಶಾಲೆಯ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದರು.