ಹೂಗೈ

"ಕುತ್ತಿಗೆ ಮೇಲೆ ಒಂದು ಗುರುತಾದ್ರೂ ಇದ್ದಿದ್ರೆ ದಾರಿ ಸುಲಭ ಆಗ್ತಿತ್ತು," ಎಂದರು ವಕೀಲರು. ಕ್ಷೌರದ ಕುರ್ಚಿಯಲ್ಲಿ ಕುಳಿತಿದ್ದ ಹದಿನಾರರ ಹುಡುಗನ ಗದ್ದ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಂದು ಗೀರೂ ಇರಲಿಲ್ಲ.

ವಾರದ ರಜೆಯಾದ್ದರಿಂದ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ನಿನ್ನೆ ಸಂಜೆ ಆಟದ ಮೈದಾನದ ಹಿಂದೆ ಹುಡುಗ ತನ್ನ ತರಗತಿಯವನೊಬ್ಬನ ದವಡೆ ಮುರಿದಿದ್ದ. ನೋಡಿದವರು ಯಾರೂ ಇಲ್ಲ. ಏಟು ತಿಂದವನು ಆಸ್ಪತ್ರೆಯಲ್ಲಿ, ಬಾಯಿ ಬಿಡುವ ಸ್ಥಿತಿಯಲ್ಲಿಲ್ಲ; ಇವನ ಹೆಸರನ್ನಷ್ಟೇ ಬರೆದು ತೋರಿಸಿದ್ದ. ಪೊಲೀಸರು ಹಲ್ಲೆಯ ಕೇಸು ಹಾಕಿ, ನಾಳೆ ಬೆಳಿಗ್ಗೆ ಮಕ್ಕಳ ನ್ಯಾಯಾಲಯಕ್ಕೆ ಕರೆತರುವಂತೆ ಹೇಳಿ ಹುಡುಗನನ್ನು ಅಪ್ಪನ ಕೈಗೆ ಒಪ್ಪಿಸಿದ್ದರು. ಆ ಅಪ್ಪನನ್ನು ಗಿರಾಕಿಗಳು ಕರೆಯುವುದೇ ಹೂಗೈ ಎಂದು. ಅವನ ಕತ್ತಿಯ ಕೆಳಗೆ ಗೊರಕೆ ಹೊಡೆದು, ಎಚ್ಚರವಾದ ಮೇಲೆ ಇನ್ನೂ ಶುರು ಮಾಡಿಲ್ಲವೇ ಎಂದು ಕೇಳಿದವರೂ ಉಂಟು.

"ಇರೋದು ಮೂರು ದಾರಿ. ಒಂದು, ತಪ್ಪು ಒಪ್ಕೊಳ್ಳೋದು. ಚಿಕ್ಕ ವಯಸ್ಸು, ಮೊದಲ ತಪ್ಪು. ಬುದ್ಧಿ ಹೇಳಿ ಬಿಡಬಹುದು, ಸುಧಾರಣಾ ಗೃಹಕ್ಕೂ ಕಳಿಸಬಹುದು, ಹೇಳೋಕಾಗಲ್ಲ. ಎರಡು, ರಾಜಿ."

"ಹೋಗಿದ್ದೆ ಸಾರ್. ಆ ಹುಡುಗನ ತಾಯಿ ಬಾಗಿಲು ತೆಗೀಲಿಲ್ಲ."

"ಮೂರು, ಆತ್ಮರಕ್ಷಣೆ. ಅವನು ಮೊದಲು ಕುತ್ತಿಗೆ ಹಿಸುಕಿದ, ಇವನು ಬಿಡಿಸ್ಕೊಳ್ಳೋಕೆ ಹೊಡೆದ. ಆದ್ರೆ ನಾಳೆ ಡಾಕ್ಟರು ನೋಡ್ತಾರೆ, ಗುರುತಿಲ್ಲದೆ ಮಾತು ನಿಲ್ಲಲ್ಲ." ವಕೀಲರು ಎದ್ದರು. "ನಾನೇನೂ ಮಾಡು ಅಂತ ಹೇಳ್ಲಿಲ್ಲಪ್ಪ. ಇದ್ದಿದ್ರೆ ಅಂದೆ, ಅಷ್ಟೇ." ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮಾತಾಡಿ ಅವರು ಹೊರಟುಹೋದರು.

ಹೂಗೈ ಕುರ್ಚಿಯ ಹಿಂದೆ ನಿಂತು ಕನ್ನಡಿಯಲ್ಲಿ ಮಗನನ್ನು ನೋಡಿದ.

"ಹಿಸುಕಿದ್ನಾ?"

"ಇಲ್ಲಪ್ಪ. ಏನೋ ಬೈದ. ಏನಂತ ಈಗ ನೆನಪೂ ಆಗ್ತಿಲ್ಲ."

"ಒಂದೇಟು ಸಾಲ್ದಾಗಿತ್ತಾ ನಿಂಗೆ?"

"ಒಂದೇ ಅಂದ್ಕೊಂಡಿದ್ದೆ. ಆಮೇಲೆ ಕೈ ನನ್ನ ಮಾತು ಕೇಳ್ಲಿಲ್ಲ."

"ಕಥೆ ಕಟ್ಬೇಡ. ಕೈ ಅನ್ನೋದು ಹೇಳಿದಷ್ಟೇ ಮಾಡುತ್ತೆ." ಇಷ್ಟು ವರ್ಷ ಒಬ್ಬರ ಕೆನ್ನೆಯಲ್ಲೂ ರಕ್ತ ತರಿಸದ ಕೈಯ ಮಾತು ಅದು. ಅವನು ಹೋಗಿ ಬಾಗಿಲನ್ನು ಪೂರ್ತಿ ಎಳೆದು ಬಂದ. "ಕಣ್ಣು ಮುಚ್ಕೋ. ಸ್ವಲ್ಪ ಕೆಂಪಾದ್ರೆ ಸಾಕು."

ಹಸುಗೂಸಾಗಿದ್ದಾಗ ನೀರೆರೆಯುವಾಗ ಅಂಗೈಯಲ್ಲಿ ಆನಿಸಿ ಹಿಡಿದಿದ್ದ ಅದೇ ಕುತ್ತಿಗೆ. ಎರಡೂ ಕೈ ಅದರ ಸುತ್ತ ಇಟ್ಟ. ಮೆಲ್ಲಗೆ ಒತ್ತಿದ. ಚರ್ಮ ಕೆಂಪಾಯಿತು, ಅಷ್ಟಕ್ಕೆ ಬಿಡಬಹುದಿತ್ತು. ಆಗ ಠಾಣೆಯಲ್ಲಿ ಕೈಮುಗಿದು ನಿಂತದ್ದು ನೆನಪಾಯಿತು. ತೆರೆಯದ ಆ ಬಾಗಿಲು, ನಿನ್ನೆಯಿಂದ ತುತ್ತು ಮುಟ್ಟದೆ ಮಲಗಿರುವ ಹೆಂಡತಿ, ಈ ಮುಂಡೇದಕ್ಕಾಗಿ ಸವೆಸಿದ ವರ್ಷಗಳು, ಎಲ್ಲವೂ ತೋಳಿನಿಂದ ಬೆರಳಿಗೆ ಇಳಿದವು. ಹುಡುಗ ಕಾಲು ಝಾಡಿಸಿದಾಗ ನೀರಿನ ಬಾಟಲಿ ಕೆಳಗೆ ಬಿದ್ದ ಸದ್ದಿಗೆ ಹೂಗೈ ಎಚ್ಚೆತ್ತು ಕೈ ಬಿಟ್ಟ.

ಹುಡುಗ ಬಗ್ಗಿ ತುಂಬ ಹೊತ್ತು ಕೆಮ್ಮಿದ. ಆಮೇಲೆ ಕನ್ನಡಿಯಲ್ಲಿ ಕುತ್ತಿಗೆ ನೋಡಿಕೊಂಡ.

"ಸ್ವಲ್ಪ ಅಂತ ನೀನೇ ಅಂದಿದ್ದೆ, ಅಪ್ಪ."

ಹೂಗೈ ಬಿದ್ದ ಬಾಟಲಿ ಎತ್ತಿದ. ಮಗನಿಗೆ ನೀರು ಕುಡಿಸಿದ. ಬೇರೆ ಯಾರದೋ ಎಂಬಂತೆ ತನ್ನ ಕೈಗಳನ್ನು ನೋಡುತ್ತ ನಿಂತ. ಕೊನೆಗೆ ವಕೀಲರಿಗೆ ಫೋನ್ ಮಾಡಿದ.

"ಸಾರ್, ಒಂದನೇ ದಾರೀನೇ ಇರಲಿ. ನಿಜ ಹೇಳಿಬಿಡ್ತೀವಿ."

"ಯಾಕಪ್ಪ, ಗುರುತು?"

"ಆಗಿದೆ ಸಾರ್. ಜಾಸ್ತೀನೇ ಆಗಿದೆ."

ವಕೀಲರು ದನಿ ತಗ್ಗಿಸಿದರು. "ಅದನ್ನಿಟ್ಕೊಂಡು ನಿಜ ಹೇಳೋಕೆ ಹೋದ್ರೆ, ಇದು ಯಾರ ಬೆರಳು ಅಂತ ಕೇಳ್ತಾರಲ್ಲ?"

"ನಂದು ಅಂತೀನಿ."

"ತಲೆ ಕೆಟ್ಟಿದೆಯಾ? ಒಂದಿದ್ದ ಕೇಸು ಎರಡಾಗುತ್ತೆ."

ಹೂಗೈ ಕುರ್ಚಿಯತ್ತ ನೋಡಿದ. ಹುಡುಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತಿದ್ದ.

"ಆಗ್ಲಿ ಸಾರ್," ಎಂದ. "ಎರಡೂ ಒಂದೇ ಮನೆ ಕೈ ತಾನೆ."